ಸಸಿ ನೆಡುವ ಉತ್ಸಾಹಿಗಳಲ್ಲಿ ಮಡ್ಡಿಯ ಪರವಾಗಿ ಒಂದು ವಿಜ್ಞಾಪನೆ

ದೀಪಾವಳಿಯ ರಜೆ ಮುಗಿದು ಶಾಲೆ-ಕಾಲೇಜುಗಳ ಎರಡನೆಯ ಸತ್ರ ಆರಂಭವಾಗಿ, ಎರೆಹೊಲಗಳಲ್ಲಿ ಬಿಳಿಜೋಳ ಮೊಳಕಾಲೆತ್ತರಕ್ಕೆ ಬೆಳೆದು, ಮುಂಜಾನೆಯ ಚಳಿಗೆ ಪೆಟ್ಟಿಗೆಯೊಳಗಿನ ಕಂಬಳಿಗಳು ಹೊರಬೀಳುವ ಕಾಲಕ್ಕೆ ಸರಿಯಾಗಿ ನಮ್ಮ ವಿದ್ಯಾಸಂಸ್ಥೆಗಳ ನಿಸರ್ಗ ಮಂಡಳಗಳಿಗೂ ಎಚ್ಚರ ಮೂಡುವುದು ವಾಡಿಕೆಯಾಗಿದೆ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರವನ್ನು ಈ ಸಲ ಯಾವ ಹಳ್ಳಿಯಲ್ಲಿ ಹೂಡಬೇಕು, ಶಾಲೆಗಳ ಹಸಿರುಪಡೆಯಾದ ಹರಿತ ಸೇನೆಯ ಮಕ್ಕಳ ಪ್ರಭಾತಫೇರಿಗೆ ಯಾವ ಘೋಷಣೆ ಒಪ್ಪುತ್ತದೆ, ಉದ್ಘಾಟನೆಗೆ ಯಾರನ್ನು ಕರೆಯಬೇಕು ಎಂಬ ಚರ್ಚೆಗಳೆಲ್ಲ ನಡೆದು, ಕೊನೆಗೆ ಅವೆಲ್ಲವೂ ಬಂದು ನಿಲ್ಲುವುದು ಒಂದೇ ನಿರ್ಣಯಕ್ಕೆ: ಊರ ಹೊರಗಿನ ಮಡ್ಡಿಯಲ್ಲಿ, ಎಂದರೆ ಹುಲ್ಲುನೆಲದಲ್ಲಿ, ಗುಂಡಿ ತೋಡಿ ಸಸಿ ನೆಡುವುದು. ಅತಿಥಿಗಳು ಗುದ್ದಲಿಗೆ ಕೈ ತಾಗಿಸುತ್ತಾರೆ, ಒಂದು ಚೊಂಬು ನೀರು ಬೀಳುತ್ತದೆ, ಛಾಯಾಚಿತ್ರ ತೆಗೆಸಿಕೊಳ್ಳಲಾಗುತ್ತದೆ. ಶಿವರಾತ್ರಿಯ ಹೊತ್ತಿಗೆ ಸಸಿ ಒಣಗಿ, ಅದರ ಸುತ್ತಲ ಮುಳ್ಳುಬೇಲಿ ಯಾರದೋ ಒಲೆಯನ್ನು ಸೇರಿರುತ್ತದೆ.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸನಮಡಿಯಂಥ ಒಣಸೀಮೆಯ ಕನ್ನಡ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಹೇಳಹೊರಟಿರುವುದು ಕೆಲವರಿಗೆ ಅಪ್ರಿಯವಾಗಬಹುದಾದ ಮಾತು. ಸಸಿ ಬದುಕುವುದಿಲ್ಲವೆಂಬುದು ನನ್ನ ಮುಖ್ಯ ದೂರಲ್ಲ. ಅದು ಬದುಕಿಬಿಟ್ಟರೇ ಹೆಚ್ಚಿನ ಹಾನಿ ಎಂಬುದು ನನ್ನ ಆಕ್ಷೇಪ. ಮಡ್ಡಿಯೆಂಬುದು ಮರಗಳನ್ನು ಕಳೆದುಕೊಂಡು ಬೋಳಾದ ಅಡವಿಯಲ್ಲ, ಅದು ತನ್ನಷ್ಟಕ್ಕೆ ತಾನೇ ಪರಿಪೂರ್ಣವಾದ ಒಂದು ಜೀವಲೋಕ. ಅದನ್ನು ಉಳಿಸಲು ಹೊರಟ ವಿದ್ಯಾರ್ಥಿಗಳು ಚಳಿಗಾಲದಲ್ಲಿ ಕೈಗೊಳ್ಳತಕ್ಕ ಸೇವೆಯೆಂದರೆ ಅದನ್ನು ನೋಡುವುದು, ಎಣಿಸುವುದು, ಬರೆದಿಡುವುದು, ಮತ್ತು ಅದನ್ನೇ ನಂಬಿ ಬಾಳುವ ಕುರಿಗಾರನ ಬೆನ್ನಿಗೆ ನಿಲ್ಲುವುದು.

ಸಹ್ಯಾದ್ರಿಯ ಮಳೆಯ ನೆರಳಿನಲ್ಲಿ ಬಿದ್ದಿರುವ ಈ ತಾಲೂಕಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರಿನ ಆಸುಪಾಸಿನದು, ಅದೂ ಮುಂಗಾರಿನಲ್ಲಿ ಮುನಿದು ಹಿಂಗಾರಿನಲ್ಲಿ ಒಲಿಯುವ ಚಂಚಲ ಸ್ವಭಾವದ್ದು. ತಗ್ಗಿನಲ್ಲಿ ಎರೆಮಣ್ಣು, ಏರಿನಲ್ಲಿ ಗರಸು, ಗರಸಿನ ಕೆಳಗೆ ಕರಿಗಲ್ಲು. ಇಷ್ಟು ತೆಳುವಾದ ಮಣ್ಣಿನಲ್ಲಿ, ಇಷ್ಟು ಅಲ್ಪವಾದ ತೇವದಲ್ಲಿ, ಸಾವಿರಾರು ವರ್ಷಗಳಿಂದ ಬಾಳಿಬಂದಿರುವ ಸಸ್ಯ ಹುಲ್ಲು; ಅದರ ನಡುವೆ ಅಲ್ಲೊಂದು ಇಲ್ಲೊಂದು ಜಾಲಿ, ಬನ್ನಿ, ಬಾರಿಯ ಪೊದೆ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವುದಕ್ಕೆ ಮುಂಚೆಯೂ, ಆಮೇಲೂ, ಈ ಹುಲ್ಲನ್ನು ನೆಚ್ಚಿಯೇ ಇಲ್ಲಿನ ಕುರಿಸಾಕಣೆ ನಡೆದುಬಂದಿದೆ. ಇದೇ ತಾಲೂಕಿನ ಮಾಡಗ್ಯಾಳದ ಹೆಸರು ಹೊತ್ತ ಕುರಿತಳಿ, ಬಿಳಿಯ ಮೈಮೇಲೆ ಕಂದುಬಣ್ಣದ ಮಚ್ಚೆ, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು, ಎತ್ತರದ ನಿಲುವು, ಇವುಗಳಿಂದ ಸಂತೆಯಲ್ಲಿ ದೂರದಿಂದಲೇ ಗುರುತಿಗೆ ಸಿಕ್ಕುವಂಥದು, ಈ ಮಡ್ಡಿಯ ಕೊಡುಗೆಯೇ ಹೊರತು ಯಾವ ನೆಡುತೋಪಿನದೂ ಅಲ್ಲ.

ಮಾರ್ಗಶಿರದ ಒಂದು ಮುಂಜಾನೆ, ಬಿಸಿಲೇರುವುದಕ್ಕೆ ಮೊದಲು, ಇಂಥ ಮಡ್ಡಿಯ ಒಂದು ಚಾಪೆಯಗಲದ ನೆಲವನ್ನು ಆರಿಸಿಕೊಂಡು ಅದರ ಮುಂದೆ ಅರ್ಧ ಗಂಟೆ ಕುಕ್ಕರಗಾಲಿನಲ್ಲಿ ಕುಳಿತ ವಿದ್ಯಾರ್ಥಿಗೆ ನಾನು ಯಾವ ಉಪನ್ಯಾಸವನ್ನೂ ಮಾಡಬೇಕಾಗಿಲ್ಲ. ಹುಲ್ಲಿನ ಬುಡಗಳ ನಡುವೆ ಜೇಡರು ನೇಯ್ದ ಬಲೆಗಳು ಮಂಜಿನ ಹನಿ ಹೊತ್ತು ಅಂಗೈಯಗಲದ ಕೊಳಗಳಂತೆ ತೋರುತ್ತವೆ. ಕಾಳು ಸಂಗ್ರಹಿಸುವ ಇರುವೆಗಳು ತಮ್ಮ ಗೂಡಿನ ಬಾಯಿಯ ಸುತ್ತ ಹುಲ್ಲುಬೀಜದ ಹೊಟ್ಟನ್ನು ತೂರಿ ವೃತ್ತಾಕಾರದ ಒಂದು ದಿಬ್ಬವನ್ನೇ ಮಾಡಿರುತ್ತವೆ. ಇಲ್ಲಿಯೂ ಸುಗ್ಗಿ ಕಣ ಉಂಟು. ತುಸು ಆಚೆ, ಕಾಲುದಾರಿಯ ನಡುವಿನ ಕಲ್ಲಿನ ಮೇಲೆ, ಎಲ್ಲರಿಗೂ ಕಾಣಲೆಂದೇ ಇಟ್ಟಂತೆ, ನರಿಯ ಒಣಗಿದ ಹಿಕ್ಕೆ ಬಿದ್ದಿರುತ್ತದೆ. ಅದನ್ನು ಕಡ್ಡಿಯಿಂದ ಕಾಗದದ ಮೇಲೆ ಬಿಡಿಸಿ ನೋಡಿದರೆ ಬಾರಿಹಣ್ಣಿನ ಓಟೆಗಳು, ಜೀರುಂಡೆಯ ಹೊಳೆಯುವ ರೆಕ್ಕೆಚಿಪ್ಪುಗಳು, ಇಲಿಯ ಸೂಜಿಯಂಥ ಎಲುಬುಗಳು ಬೇರೆ ಬೇರೆಯಾಗಿ ದೊರೆಯುತ್ತವೆ: ಹಣ್ಣು ತಿಂದು ಬೀಜ ಬಿತ್ತಿದ್ದು ಯಾರು, ಹೊಲದ ಇಲಿಯನ್ನು ತಗ್ಗಿಸಿದ್ದು ಯಾರು ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣ. ಹೇಸಿಗೆಪಟ್ಟುಕೊಳ್ಳುವ ವಿದ್ಯಾರ್ಥಿಗಳೂ ಎರಡನೆಯ ಹಿಕ್ಕೆಯ ಹೊತ್ತಿಗೆ ಕಡ್ಡಿಗಾಗಿ ಜಗಳವಾಡುತ್ತಾರೆಂಬುದು ಮಕ್ಕಳನ್ನು ಬಲ್ಲ ಯಾವ ಮಾಸ್ತರರಿಗೂ ಹೊಸ ಸಂಗತಿಯಲ್ಲ.

ಚಳಿಗಾಲದ ಮಡ್ಡಿಗೆ ಪರದೇಶದ ಅತಿಥಿಗಳೂ ಬರುತ್ತಾರೆ. ಹುಲ್ಲಿನ ಮೇಲೆ ಆಳೆತ್ತರದಲ್ಲಿ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಗಾಳಿಯ ಬಲದಿಂದಲೇ ಮೆಲ್ಲಗೆ ತೇಲುತ್ತ ಹೊಲದ ಸಾಲುಸಾಲನ್ನು ಶೋಧಿಸುವ ಸೆಳೆವಗಳೆಂಬ ಬೇಟೆಹಕ್ಕಿಗಳು ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ಬಂದು, ಫಾಲ್ಗುಣದವರೆಗೆ ಇದ್ದು, ಮರಳಿ ಹೋಗುತ್ತವೆ. ಅವು ರಾತ್ರಿಯನ್ನು ಮರದ ಮೇಲೆ ಕಳೆಯುವುದಿಲ್ಲ. ಹೊತ್ತು ಮುಳುಗುವಾಗ ಒಂದೊಂದಾಗಿ ಬಂದು ಒಣಹುಲ್ಲಿನೊಳಗೆ ನೆಲದ ಮೇಲೆಯೇ ಇಳಿದು ಒಟ್ಟಾಗಿ ಮಲಗುತ್ತವೆ. ಆ ಹುಲ್ಲಿನ ಜಾಗದಲ್ಲಿ ಗ್ಲಿರಿಸಿಡಿಯದ ತೋಪನ್ನು ಎಬ್ಬಿಸಿದರೆ ಅವುಗಳ ಪಾಲಿಗೆ ಊರೇ ಮುಳುಗಿದಂತೆ. ಇನ್ನು ಜೋಳ ಹಾಲುಗಾಳಾಗುವ ಹೊತ್ತಿಗೆ ಮೋಡದಂತೆ ಬಂದೆರಗುವ ಗುಲಾಬಿ ಕಬ್ಬಕ್ಕಿಗಳನ್ನಂತೂ, ಮರಾಠಿ ರೈತರು ಭೋರಡಿಯೆಂದು ಬಯ್ಯುವ ಹಕ್ಕಿಗಳನ್ನು, ಅಟ್ಟಣೆ ಏರಿ ಕವಣೆ ಬೀಸುವ ರೈತನು ಅತಿಥಿಗಳೆಂದು ಒಪ್ಪಲಾರ. ಆದರೆ ಇದೇ ಹಕ್ಕಿಗಳು ಮಿಡತೆಯನ್ನು ಎಷ್ಟು ಆಸೆಯಿಂದ ತಿನ್ನುತ್ತವೆಂಬುದೂ, ತಮ್ಮ ಸಂತಾನೋತ್ಪತ್ತಿಯ ನಾಡಿನಲ್ಲಿ ಮಿಡತೆಯ ಹಾವಳಿಯಿರುವ ಕಡೆಗೇ ಹೋಗಿ ಗೂಡು ಕಟ್ಟುತ್ತವೆಂಬುದೂ ಶಾಸ್ತ್ರಜ್ಞರಿಗೆ ತಿಳಿದ ವಿಷಯ. ಒಂದು ಹೊಲದ ಅಂಚಿನಲ್ಲಿ ಕುಳಿತು, ಅವು ತೆನೆಯ ಮೇಲೆ ಎಷ್ಟು ಹೊತ್ತು, ನೆಲದ ಮೇಲೆ ಎಷ್ಟು ಹೊತ್ತು ಕಳೆದವೆಂದು ಗಡಿಯಾರ ಹಿಡಿದು ಬರೆದುಕೊಂಡ ವಿದ್ಯಾರ್ಥಿನಿ ತನ್ನ ಅಪ್ಪನೊಡನೆ ಆ ರಾತ್ರಿ ಹೂಡುವ ವಾದ ಯಾವ ನಿಬಂಧ ಸ್ಪರ್ಧೆಗಿಂತಲೂ ಮೇಲಾದ ವಿದ್ಯಾಭ್ಯಾಸ.

ಇಷ್ಟಿದ್ದೂ ಮಡ್ಡಿಯನ್ನು ಬಂಜರೆಂದು ಕರೆದದ್ದು ಯಾರೆಂದು ವಿಚಾರಿಸಿದರೆ ಕಂದಾಯದ ದಫ್ತರದತ್ತ ಬೆರಳು ಹೋಗುತ್ತದೆ. ಉಳುವ ಭೂಮಿಗೆ ತೆರಿಗೆ ಉಂಟು, ಮರವುಳ್ಳ ಅಡವಿಗೆ ದಿಮ್ಮಿಯ ಬೆಲೆಯುಂಟು. ಎರಡೂ ಇಲ್ಲದ ಹುಲ್ಲುನೆಲವನ್ನು ಆಂಗ್ಲರ ಆಡಳಿತ ನಿರುಪಯೋಗಿ ಭೂಮಿಯ ಪಟ್ಟಿಗೆ ಸೇರಿಸಿತು, ಸ್ವತಂತ್ರ ದೇಶ ಆ ಪಟ್ಟಿಯನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಮಹಾರಾಷ್ಟ್ರ ಸರಕಾರ 2016ರ ಜುಲೈ 1ರಂದು ಎರಡು ಕೋಟಿ ಸಸಿಗಳಿಂದ ಆರಂಭಿಸಿದ ವೃಕ್ಷಾರೋಪಣ ಅಭಿಯಾನ ಮರುವರ್ಷ ನಾಲ್ಕು ಕೋಟಿಗೆ, ಅದರ ಮುಂದೆ 13 ಕೋಟಿಗೆ, 2019ರಲ್ಲಿ 33 ಕೋಟಿಯ ಗುರಿಗೆ ಏರಿತು. ಇಷ್ಟು ಕೋಟಿ ಗುಂಡಿಗಳಿಗೆ ಜಾಗವೆಲ್ಲಿ? ಉಳುವವನ ಹೊಲ ಸಿಗದು, ಪೇಟೆಯ ನಿವೇಶನ ಸಿಗದು. ದೊರೆಯುವುದು ಊರ ಗೋಮಾಳವಾದ ಗಾಯರಾಣ, ಮಾಳ, ಮಡ್ಡಿ. ಸದುದ್ದೇಶದ ಭಾರವೆಲ್ಲ ಹೋಗಿ ಬಿದ್ದದ್ದು ಮಾತನಾಡಲಾರದ ಹುಲ್ಲಿನ ಮೇಲೆ.

ಪೂರ್ವೋದಾಹರಣೆಗಳಿಗೆ ನಾವು ದೂರ ಹೋಗಬೇಕಾಗಿಲ್ಲ. ಕೃಷ್ಣಮೃಗಗಳಿಗೆಂದು 1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನ ಅಭಯಾರಣ್ಯದಲ್ಲಿ ಬಹುಭಾಗ ನೀಲಗಿರಿ ತೋಪಾಗಿ, ಓಡುವುದಕ್ಕೆ ಬಯಲು ಬೇಕಾದ ಚಿಗರಿಗಳು ಮರಗಳ ಸಂದಿಯಿಂದ ಹೊರಬಂದು ರೈತರ ಹೊಲಗಳಲ್ಲಿ ಮೇಯುವಂತಾಯಿತು. ಒಂದು ಕಾಲಕ್ಕೆ ಅಲ್ಲಿದ್ದ ಎರ್ಲಡ್ಡು ಹಕ್ಕಿ ಕಣ್ಮರೆಯಾಯಿತು. ಕನ್ನಡಿಗರು ಎರೆಭೂತವೆಂದೂ, ಎರ್ಲಡ್ಡುವೆಂದೂ, ಮರಾಠಿಗರು ಮಾಳಢೋಕವೆಂದೂ ಕರೆಯುವ ಆ ಮಹಾಪಕ್ಷಿ ರಾಷ್ಟ್ರಪಕ್ಷಿಯಾಗಲೆಂದು ಪಕ್ಷಿತಜ್ಞ ಸಾಲಿಂ ಅಲಿಯವರು ವಾದಿಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಸಂದಿತು. ಇಂದು ಜಗತ್ತಿನಲ್ಲೆಲ್ಲ ನಿಸರ್ಗದಲ್ಲಿ ಉಳಿದಿರುವ ಎರ್ಲಡ್ಡುಗಳು 150ಕ್ಕೂ ಕಡಮೆ ಎಂದು ಅಂದಾಜು. ಜತ್ತದಿಂದ ಬಹು ದೂರವಲ್ಲದ ಸೊಲ್ಲಾಪುರದ ನಾನ್ನಜದಲ್ಲಿ ಈ ಹಕ್ಕಿಗಾಗಿಯೇ 1979ರಲ್ಲಿ ಅಭಯಾರಣ್ಯವಾಯಿತು. ಕಾಗದದ ಮೇಲೆ ಅದರ ವಿಸ್ತಾರ 8,496 ಚದರ ಕಿಲೋಮೀಟರು, ಎಂದರೆ ಊರು, ಪೇಟೆ, ಹೊಲ, ಕಾರಖಾನೆಗಳೆಲ್ಲ ಅದರೊಳಗೆ. ಬಾವಿ ತೋಡುವುದಕ್ಕೂ, ಹೊಲ ಮಾರುವುದಕ್ಕೂ ಹಕ್ಕಿ ಅಡ್ಡಬಂದಿತೆಂದು ರೈತರು ಹಕ್ಕಿಯನ್ನೇ ಶಪಿಸತೊಡಗಿದರು. ಮುಂದೆ ಆ ವಿಸ್ತಾರವನ್ನು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು, ಆ ಹೊತ್ತಿಗೆ ಹಕ್ಕಿಗಳೇ ಬೆರಳೆಣಿಕೆಗೆ ಇಳಿದಿದ್ದವು. ಹುಲ್ಲನ್ನು ಅರಿಯದ ಪ್ರೀತಿ ಒಂದು ಕಡೆ, ಜನರನ್ನು ಅರಿಯದ ಕಾಯಿದೆ ಇನ್ನೊಂದು ಕಡೆ. ಎರ್ಲಡ್ಡು ಈ ಎರಡರ ನಡುವೆ ಹೋಯಿತು.

ಮರ ನೆಡುವವರ ಪಕ್ಷದಲ್ಲಿಯೂ ಒಂದು ನ್ಯಾಯವುಂಟೆಂಬುದನ್ನು ಮರೆಮಾಚಬಾರದು. ನಮ್ಮದೇ ಸಾಂಗಲಿ ಜಿಲ್ಲೆಯ ಸಾಗರೇಶ್ವರ, 1985ರಲ್ಲಿ ಅಭಯಾರಣ್ಯವಾದ ಹನ್ನೊಂದು ಚದರ ಕಿಲೋಮೀಟರಿಗೂ ಕಡಮೆಯ ಪುಟ್ಟ ತಾಣ, ಧೋ. ಮ. ಮೋಹಿತೆಯವರ ಹಟದಿಂದ ಮನುಷ್ಯರೇ ಬೆಳೆಸಿದ ಅಡವಿ. ಕಡಿದು ಬೋಳಾದ ಗುಡ್ಡಗಳಲ್ಲಿ ಅದು ಸಾರ್ಥಕವಾದ ಕೆಲಸ. ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ, ಹೊಲದ ಬದುವಿನಲ್ಲಿ, ದೇವಸ್ಥಾನದ ಸುತ್ತ ಬೇವು, ಹುಣಿಸೆ, ಆಲಗಳನ್ನು ನೆಟ್ಟು ಬೇಸಿಗೆಯಲ್ಲಿ ನೀರು ಹೊತ್ತು ಕಾಪಾಡುವವರಿಗೆ ನನ್ನ ನಮಸ್ಕಾರವಿದೆ. ನನ್ನ ತಕರಾರು ಮಡ್ಡಿಯ ಹುಲ್ಲಿನ ಮಟ್ಟಿಗೆ ಮಾತ್ರ. ಅಲ್ಲಿ ಗುದ್ದಲಿಯನ್ನು ಎತ್ತಲೇಬೇಕೆಂಬ ತವಕವಿದ್ದವರಿಗೆ ಬಳ್ಳಾರಿ ಜಾಲಿಯಿದೆ. ಮೆಕ್ಸಿಕೋ ಕಡೆಯಿಂದ ಬಂದು ಕೆರೆಯಂಗಳ, ಹಳ್ಳ, ಗಾಯರಾಣಗಳನ್ನೆಲ್ಲ ನುಂಗುತ್ತಿರುವ ಆ ಮುಳ್ಳನ್ನು ಬುಡಸಹಿತ ಕೀಳುವುದು ಏಳು ದಿನಗಳ ಶಿಬಿರಕ್ಕೆ ಹೇಳಿ ಮಾಡಿಸಿದ ಶ್ರಮದಾನ. ಹುಲ್ಲು ಒಣಗಿ ಹಳದಿಯಾದ ಮೇಲೆ ಒಂದು ಬೀಡಿಯ ತುಂಡಿಗೆ ಇಡೀ ಮಡ್ಡಿ ಹೊತ್ತಿಕೊಳ್ಳುವುದರಿಂದ, ವನರಕ್ಷಕರ ಮಾರ್ಗದರ್ಶನದಲ್ಲಿ ಪುಷ್ಯಮಾಸದೊಳಗೆ ಬೆಂಕಿರೇಖೆ ಹೆರೆಯುವುದೂ ಅಷ್ಟೇ ಬೆಲೆಯುಳ್ಳ ಕೆಲಸ. ಇವುಗಳಲ್ಲಿ ಅತಿಥಿಗಳ ಭಾವಚಿತ್ರಕ್ಕೆ ಅಷ್ಟು ಅನುಕೂಲವಿಲ್ಲವೆಂಬುದನ್ನು ಬಲ್ಲೆ.

ಎಣಿಕೆಯ ವಿಷಯಕ್ಕೆ ಬರೋಣ. ಸೊಲ್ಲಾಪುರದಲ್ಲಿ ಹುಟ್ಟಿ ಅಡವಿಯ ನೌಕರಿಯಲ್ಲಿ ಆಯುಷ್ಯವನ್ನು ಸವೆಸಿ ಮರಾಠಿಯಲ್ಲಿ ಹಕ್ಕಿಪಕ್ಷಿಗಳ ಕುರಿತು ಬರೆದ ಮಾರುತಿ ಚಿತಮಪಲ್ಲಿಯವರ ಜನ್ಮದಿನವಾದ ನವೆಂಬರ 5ರಿಂದ ಸಾಲಿಂ ಅಲಿಯವರ ಜನ್ಮದಿನವಾದ 12ರವರೆಗೆ ಮಹಾರಾಷ್ಟ್ರದಲ್ಲಿ ಪಕ್ಷಿಸಪ್ತಾಹವನ್ನು ಆಚರಿಸುತ್ತಾರೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಫೆಬ್ರವರಿಯಲ್ಲಿ ಶಾಲೆ-ಕಾಲೇಜುಗಳ ಆವರಣದ ಹಕ್ಕಿ ಎಣಿಕೆ ಉಂಟು. ಮೂರಕ್ಕೂ ಬೇಕಾದ ಬಂಡವಾಳ ಒಂದು ವಹಿ, ಒಂದು ಸೀಸದ ಕಡ್ಡಿ, ನಾಲ್ಕಾರು ಜನರಿಗೆ ಒಂದು ದುರ್ಬೀನು. 1972ರ ಭೀಕರ ಬರದಲ್ಲಿಯೂ ಅದರ ತರುವಾಯದ ರೋಜಗಾರ ಹಮಿ (ಉದ್ಯೋಗ ಖಾತರಿ) ಯೋಜನೆಯಲ್ಲಿಯೂ ಹೊಟ್ಟೆಯ ಪಾಡಿಗಾಗಿ ನಮ್ಮ ಹಿರಿಯರು ಮಣ್ಣು ಹೊತ್ತು ಕಟ್ಟಿದ ಪಾಝರ ತಲಾವಗಳು, ಎಂದರೆ ಇಂಗುಕೆರೆಗಳು, ಈ ಸೀಮೆಯಲ್ಲಿ ಬೇಕಾದಷ್ಟಿವೆ. ಮಳೆ ಕೈಕೊಡದ ವರ್ಷ ಅವುಗಳಲ್ಲಿ ಸಂಕ್ರಾಂತಿಯವರೆಗೆ ನೀರು ನಿಂತು ಬಾತುಗಳೂ, ಉಲ್ಲಂಕಿಗಳೂ, ಸಿಪಿಲೆಗಳೂ ಬಂದಿಳಿಯುತ್ತವೆ. ಒಂದೇ ತಲಾವಕ್ಕೆ, ಪ್ರತಿ ವರ್ಷ ಅದೇ ವಾರದಲ್ಲಿ, ಅದೇ ಹೊತ್ತಿನಲ್ಲಿ ಹೋಗಿ ಎಣಿಸಿದ ಅಂಕೆಗೆ, ಹತ್ತು ಊರು ಸುತ್ತಿ ಒಮ್ಮೆ ಎಣಿಸಿದ ಅಂಕೆಗಿಂತ ಮೌಲ್ಯ ಹೆಚ್ಚು. ಮೈಸೂರಿನ ಹವ್ಯಾಸಿಗಳು ತಮ್ಮ ಊರ ಸುತ್ತಲಿನ ಕೆರೆಗಳಲ್ಲಿ 1980ರ ದಶಕದಿಂದ ಚಳಿಗಾಲದ ಎಣಿಕೆಯನ್ನು ನಡೆಸಿಕೊಂಡು ಬಂದ ತಾಳ್ಮೆಯೇ ಅವರ ಅಂಕೆಗಳಿಗೆ ತೂಕ ತಂದುಕೊಟ್ಟಿತು.

ಹವ್ಯಾಸಿಗಳ ಟಿಪ್ಪಣಿಯಿಂದ ಏನಾದೀತೆಂದು ಮೂಗು ಮುರಿಯುವವರು 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯನ್ನು ನೋಡಬೇಕು. ಮೂವತ್ತು ಸಾವಿರಕ್ಕೂ ಮಿಕ್ಕಿದ ಪಕ್ಷಿವೀಕ್ಷಕರು ಕಂಡು ಬರೆದ ಸುಮಾರು ಮೂರು ಕೋಟಿ ದಾಖಲೆಗಳನ್ನು ಕೂಡಿಸಿ 942 ಜಾತಿಗಳ ಕುರಿತು ತಯಾರಾದ ಆ ವರದಿ ಎತ್ತಿ ಹೇಳಿದ ಮುಖ್ಯ ಸಂಗತಿಗಳಲ್ಲಿ ಒಂದು, ಹುಲ್ಲುಬಯಲಿನ ಹಕ್ಕಿಗಳು ಬೇಗಬೇಗನೆ ಕ್ಷೀಣಿಸುತ್ತಿವೆಯೆಂಬುದು. ಆದರೆ ಆ ವೀಕ್ಷಕರಲ್ಲಿ ಬಹುಮಂದಿ ನಗರವಾಸಿಗಳು. ರವಿವಾರದ ಬೆಳಗ್ಗೆ ವಾಹನವೇರಿ ಹೋಗಿ ನೋಡಿ ಬರುವವರು. ಸನಮಡಿಯ ವಿದ್ಯಾರ್ಥಿಗೆ ಮಡ್ಡಿ ಮನೆಯ ಹಿತ್ತಲಿನಾಚೆಯೇ ಇದೆ, ಅವನಿಗೆ ಅದು ಹನ್ನೆರಡು ತಿಂಗಳೂ ಕಾಣುತ್ತದೆ. ಈ ಅನುಕೂಲವನ್ನು ನಮ್ಮ ಶಿಕ್ಷಣ ಇದುವರೆಗೆ ಒಂದು ಕೊರತೆಯೆಂದೇ ಭಾವಿಸಿ, ಪಾಪ, ಮಕ್ಕಳನ್ನು ಹುಲಿ ತೋರಿಸಲು ದೂರದ ಅಭಯಾರಣ್ಯಗಳಿಗೆ ಕರೆದೊಯ್ಯಲಾರೆವಲ್ಲಾ ಎಂದು ಕೊರಗಿದೆ.

ಹುಲಿಯ ಮಾತು ಬಂದಿತು, ಆದರೆ ಇಲ್ಲಿ ಹುಲಿಯಿಲ್ಲ. ಮಡ್ಡಿಯ ಒಡೆಯ ತೋಳ. ಇಲ್ಲಿಯೇ ವಿದ್ಯಾರ್ಥಿಗಳ ಸೇವೆಗೆ ನಿಜವಾದ ಪರೀಕ್ಷೆಯಿರುವುದು. ಚಳಿಗಾಲವೇ ತೋಳ ಮರಿಹಾಕುವ ಕಾಲ. ಹಳ್ಳದ ದಂಡೆಯ ಬಿಲದಲ್ಲಿಯೋ, ಹಾಳುಬಿದ್ದ ಗಣಿಯ ಪೊಟರೆಯಲ್ಲಿಯೋ ಮರಿಗಳಿರುತ್ತವೆ, ಹೊಟ್ಟೆಗೆ ಬೇಕಾದ ಚಿಗರಿ, ಮೊಲಗಳು ಕಡಮೆಯಾದ್ದರಿಂದ ತಾಯಿತಂದೆಗಳು ಕುರಿಯ ಹಟ್ಟಿಯತ್ತ ನೋಡುತ್ತವೆ. 1972ರ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯಲ್ಲಿ ತೋಳದ ಹೆಸರಿದೆ; ಹುಲಿಗೆ ಇರುವಷ್ಟೇ ರಕ್ಷಣೆ ಅದಕ್ಕೂ ಇದೆ, ಕಾಗದದ ಮೇಲೆ. ದೇಶದಲ್ಲಿ ಎರಡರಿಂದ ಮೂರು ಸಾವಿರ ತೋಳಗಳು ಮಾತ್ರ ಉಳಿದಿರಬಹುದೆಂಬ ಅಂದಾಜಿದೆ, ಮತ್ತು ಅವುಗಳಲ್ಲಿ ಬಹುಪಾಲು ಬಾಳುತ್ತಿರುವುದು ಅಭಯಾರಣ್ಯದೊಳಗಲ್ಲ, ಇಂಥ ಮಡ್ಡಿಗಳಲ್ಲಿ, ಕುರಿಗಾರರ ಜೊತೆಗೆ, ಕುರಿಗಾರರ ಖರ್ಚಿನಲ್ಲಿ. ಬಿಲಕ್ಕೆ ಹೊಗೆ ಹಾಕಿ ಮರಿಗಳನ್ನು ಕೊಲ್ಲುವುದುಂಟು. ಅದನ್ನು ಕ್ರೌರ್ಯವೆಂದು ಭಾಷಣ ಮಾಡುವುದು ಸುಲಭ. ಒಂದೇ ರಾತ್ರಿಯಲ್ಲಿ ಐದಾರು ಕುರಿ ಕಳೆದುಕೊಂಡವನ ಹಟ್ಟಿಯ ಮುಂದೆ ಕುಳಿತು ಆ ಭಾಷಣ ಮಾಡುವುದು ಅಷ್ಟು ಸುಲಭವಲ್ಲ.

ತೋಳ ಹಿಡಿದ ಕುರಿಗೆ ಮಹಾರಾಷ್ಟ್ರದ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅದಕ್ಕೆ ಗೊತ್ತುಪಡಿಸಿದ ಅವಧಿಯೊಳಗೆ ವರದಿಯಾಗಬೇಕು, ಕಳೇಬರವನ್ನು ಕದಲಿಸದೆ ಇರಬೇಕು, ವನಪಾಲರ ಸಮಕ್ಷಮದಲ್ಲಿ ಪಂಚನಾಮೆಯಾಗಬೇಕು, ಪಶುವೈದ್ಯರ ದಾಖಲೆ ಬೇಕು, ಬ್ಯಾಂಕಿನ ಪಾಸಬುಕ್ಕು ಬೇಕು, ಮತ್ತು ಇವೆಲ್ಲ ಮರಾಠಿಯಲ್ಲಿ ಆಗಬೇಕು. ‘ತೋಳ ಹಿಡೀತು ಅಂತ ಹೇಳಾಕ ಎಲ್ಲಿಗೆ ಹೋಗೂದು ತಮ್ಮಾ, ಅರ್ಜಿ ಬರಿಯವರ ಯಾರು’ ಎಂದು ಕೇಳುವ ಬೀರಪ್ಪನ ಒಕ್ಕಲಿನ ಹಿರಿಯ ಕುರಿಗಾರನಿಗೆ ಕನ್ನಡವೊಂದೇ ಬಾಯಿಗೆ ಬರುವ ಭಾಷೆ. ಕಚೇರಿಯ ಕಾರಕೂನನಿಗೆ ಅದು ಬಾರದು. ಇವರಿಬ್ಬರ ನಡುವೆ ನಿಲ್ಲಬಲ್ಲವರು ಜತ್ತ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳು: ಮನೆಯಲ್ಲಿ ಕನ್ನಡ ಆಡುವವರು, ಶಾಲೆಯಲ್ಲಿ ಮರಾಠಿ ಕಲಿತವರು. ಗಡಿಯಲ್ಲಿ ಹುಟ್ಟಿದ್ದರಿಂದ ನಮಗೆ ಎರಡೂ ರಾಜ್ಯಗಳು ಕೈಬಿಟ್ಟವೆಂಬ ಪಲ್ಲವಿಯನ್ನು, ಅದು ನಿಜವೇ ಇದ್ದರೂ, ಎಷ್ಟು ಕಾಲ ಹಾಡುವುದು? ಎರಡು ಭಾಷೆಯ ಈ ಸಂಪತ್ತನ್ನು ಒಂದು ಅರ್ಜಿಯ ನಮೂನೆಗೆ ಬಳಸಿ, ಕುರಿಗಾರ ಕಾಕಾನ ಖಾತೆಗೆ ಹಣ ಬರುವವರೆಗೆ ಬೆನ್ನು ಹತ್ತಿದರೆ, ಆ ವರ್ಷ ಒಂದು ಬಿಲಕ್ಕಾದರೂ ಹೊಗೆ ತಪ್ಪೀತು. ವನ್ಯಜೀವಿ ಸಂರಕ್ಷಣೆಯೆಂಬ ದೊಡ್ಡ ಹೆಸರಿನ ಕೆಲಸಗಳಲ್ಲಿ ಇದಕ್ಕಿಂತ ಪರಿಣಾಮಕಾರಿಯಾದುದನ್ನು ನಾನು ಕಾಣೆ. ಆದರೆ ಒಂದು ನಿರ್ಬಂಧ: ಬಿಲವಿರುವ ಜಾಗವನ್ನು ತಿಳಿದೂ ಅದರ ಬಳಿಗೆ ಹೋಗಕೂಡದು, ಮೊಬೈಲಿನಲ್ಲಿ ಮರಿಗಳ ಚಿತ್ರ ತೆಗೆದು ಹರಡಕೂಡದು. ಮನುಷ್ಯರ ಸುಳಿವು ಹತ್ತಿದ ತೋಳ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಒಯ್ಯುವಾಗ ಕೆಲವನ್ನು ಕಳೆದುಕೊಳ್ಳಬಹುದು, ಚಿತ್ರ ನೋಡಿದವರಲ್ಲಿ ಎಲ್ಲರೂ ಸಜ್ಜನರಾಗಿರುವುದಿಲ್ಲ.

ಇನ್ನು ನೀರಿನ ಪ್ರಶ್ನೆ. 2022ರ ಕೊನೆಯಲ್ಲಿ, ಗಡಿ ವಿವಾದದ ನಡುವೆ, ಜತ್ತದ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳ ಮೊದಲ ಪುಟಕ್ಕೆ ಬಂದದ್ದು ಭಾಷೆಗಿಂತ ಹೆಚ್ಚಾಗಿ ನೀರಿಗಾಗಿ. ಕೃಷ್ಣೆಯ ನೀರನ್ನು ಮೇಲೆತ್ತುವ ಮ್ಹೈಸಾಳ ಯೋಜನೆಯ ವಿಸ್ತರಣೆಯಿಂದ ಇಲ್ಲಿಯವರೆಗೆ ಬಾಯಾರಿದ ಊರುಗಳಿಗೆ ಕಾಲುವೆ ಬರಬೇಕೆಂಬುದು ನ್ಯಾಯವಾದ ಬೇಡಿಕೆ. ಅದಕ್ಕೆ ಅಡ್ಡಿ ಹೇಳುವ ನಿಸರ್ಗಪ್ರೇಮವನ್ನು ಊರವರು ಊರೊಳಗೆ ಬಿಟ್ಟುಕೊಳ್ಳಬಾರದು, ನಾನಂತೂ ಬಿಟ್ಟುಕೊಳ್ಳೆನು. ಆದರೆ ನೀರು ಬಂದ ಮೇಲೆ ದ್ರಾಕ್ಷಿ, ದಾಳಿಂಬೆಗಳು ಏರನ್ನು ಹತ್ತುತ್ತವೆ, ಇಂದು ಯಾರಿಗೂ ಬೇಡವಾದ ಮಡ್ಡಿಗೆ ಎಕರೆಗಿಷ್ಟೆಂದು ಬೆಲೆ ಬರುತ್ತದೆ, ಗಾಯರಾಣದ ಅಂಚು ಪ್ರತಿ ವರ್ಷ ಒಂದೊಂದು ಸಾಲಿನಷ್ಟು ಒಳಸರಿಯುತ್ತದೆ. ಆದಕಾರಣ ಮಡ್ಡಿಯಲ್ಲಿ ಏನಿದೆಯೆಂದು ಬರೆದಿಡಲು ಇರುವ ಅವಕಾಶ ಈಗಿನ ಕೆಲವು ಚಳಿಗಾಲಗಳು ಮಾತ್ರ. ನೀರು ಬರುವ ಮುಂಚಿನ ಲೆಕ್ಕವಿಲ್ಲದಿದ್ದರೆ, ಬಂದ ಮೇಲೆ ಏನು ಹೋಯಿತೆಂದು ಹೇಳುವವರು ಯಾರು?

ಮನೆಯವರ ಒಪ್ಪಿಗೆ, ಹೆಣ್ಣುಮಕ್ಕಳ ಪಾಲುಗೊಳ್ಳುವಿಕೆ, ಪರೀಕ್ಷೆಯ ಚಿಂತೆ, ಶಿಕ್ಷಕರಿಗೆ ಮೊದಲೇ ಇರುವ ಹತ್ತೆಂಟು ಹೊರೆಗಳು, ಇವನ್ನು ಕಡೆಗಣಿಸಿ ಮಾತನಾಡುವುದು ಜಾಣತನವಲ್ಲ. ಆದರೆ ಊರಿನ ಪಂಚಾಂಗವೇ ಇಲ್ಲಿ ಒಂದು ಹಾದಿಯನ್ನು ತೋರಿಸಿದೆ. ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಸಜ್ಜೆಯ ಕಡಬು, ಭಜ್ಜಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ. ಅಜ್ಜಿಯೂ ಬರುತ್ತಾಳೆ, ಸೊಸೆಯೂ ಬರುತ್ತಾಳೆ, ಹರೆಯದ ಹುಡುಗಿಯೂ ಬರುತ್ತಾಳೆ, ಯಾರ ಅನುಮತಿಯೂ ಬೇಡ. ಭೂಮಿಗೂ, ಹಕ್ಕಿಗೂ, ಹುಳಕ್ಕೂ ಒಂದು ತುತ್ತು ಎಸೆದು ಉಣ್ಣುವ ಆ ದಿನಕ್ಕಿಂತ ಯೋಗ್ಯವಾದ ದಿನವನ್ನು ನಿಸರ್ಗ ಮಂಡಳ ಎಲ್ಲಿ ಹುಡುಕೀತು? ಅಂದು ತಮ್ಮ ತಮ್ಮ ಹೊಲದಲ್ಲಿ ಕಂಡ ಹಕ್ಕಿ, ಹೆಜ್ಜೆ, ಹಿಕ್ಕೆ, ಬಿಲಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆದು ತಂದರೆ, ಒಂದೇ ದಿನದಲ್ಲಿ ಒಂದು ಊರಿನ ಇಡೀ ಶಿವಾರದ ನಕಾಶೆ ಸಿದ್ಧವಾಗುತ್ತದೆ. ಅಜ್ಜಿಯರನ್ನು ಕೇಳಿದರೆ ಅವರ ಕಾಲದಲ್ಲಿದ್ದು ಈಗ ಇಲ್ಲವಾದವುಗಳ ಪಟ್ಟಿಯೂ ದೊರೆಯುತ್ತದೆ, ಮತ್ತು ಅದು ಕೆಲವೊಮ್ಮೆ ಮೊದಲಿನದಕ್ಕಿಂತ ಉದ್ದವಾಗಿರುತ್ತದೆ.

ಹೀಗೆ ಬರೆದ ವಹಿ ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಅದು ಊರಿನ ಜೀವರಾಶಿಯ ಒಂದು ಜನತಾ ದಾಖಲೆಯನ್ನು ಸಿದ್ಧಪಡಿಸಬೇಕು. ಹಸಿರು ನ್ಯಾಯಾಧಿಕರಣ ಅವಧಿ ವಿಧಿಸಿದ ಮೇಲೆ ದೇಶದ ಅನೇಕ ಕಡೆ ಈ ದಾಖಲೆಗಳು 2020ರ ಸುಮಾರಿಗೆ ತರಾತುರಿಯಲ್ಲಿ, ಒಂದರ ನಕಲು ಇನ್ನೊಂದೆಂಬಂತೆ ತಯಾರಾದವು. ಅವನ್ನು ತಿದ್ದುವುದಕ್ಕೂ ವರ್ಷವರ್ಷ ಬೆಳೆಸುವುದಕ್ಕೂ ಕಾಯಿದೆಯಲ್ಲಿ ಯಾವ ಅಡ್ಡಿಯೂ ಇಲ್ಲ. ಸೇವಾ ಯೋಜನೆಯ ಸ್ವಯಂಸೇವಕನು ವರ್ಷಕ್ಕೆ ಪೂರೈಸಬೇಕಾದ 120 ತಾಸುಗಳಲ್ಲಿ ಈ ವಹಿಯ ಕೆಲಸವನ್ನು ಲೆಕ್ಕಕ್ಕೆ ಹಿಡಿಯಲು ಪ್ರಾಚಾರ್ಯರು ಮನಸ್ಸು ಮಾಡಿದರೆ ಸಾಕು, ಹೊಸ ಆದೇಶ ಬೇಕಾಗದು. ಜನವರಿ 26ರ ಗ್ರಾಮಸಭೆಯಲ್ಲಿ, ಧ್ವಜಾರೋಹಣದ ಮಿಠಾಯಿ ಹಂಚಿ ಮುಗಿದ ಮೇಲೆ, ವಿದ್ಯಾರ್ಥಿಗಳು ಆ ಚಳಿಗಾಲದ ವಹಿಯನ್ನು ಊರ ಮುಂದೆ ಕನ್ನಡದಲ್ಲಿ ಓದಿ, ಅದರ ಮರಾಠಿ ಪ್ರತಿಯನ್ನು ಗ್ರಾಮಸೇವಕರಿಗೆ ಒಪ್ಪಿಸಿ, ಗಾಯರಾಣದಲ್ಲಿ ಮುಂದಿನ ಮಳೆಗಾಲಕ್ಕೆ ಯಾವ ಗಟ್ಟಿನಲ್ಲಿ (ಸರ್ವೆಯ ತುಂಡಿನಲ್ಲಿ) ಸಸಿ ನೆಡಬಾರದೆಂಬುದನ್ನು ಗಟ್ ನಂಬರಿನ ಸಮೇತ ಠರಾವಿನಲ್ಲಿ ಬರೆಯಿಸಿಕೊಳ್ಳಲಿ. ಸರಪಂಚರು ಇದಕ್ಕೊಂದು ಕಲಮನ್ನು ಕಾರ್ಯಸೂಚಿಯಲ್ಲಿ ಈ ವರ್ಷವೇ ಇಡಬಹುದು.